ಕರಿಹಲಗೆಯ ಎರಡು ಸಾಲು

೧೪-೨-೧೯೭೮, ಮಂಗಳವಾರ

ಆ ಎರಡು ಸಾಲು ಅಳಿಸಿದ್ದಾಯಿತು. ಹಾಸ್ಟೆಲ್ ಮೆಸ್ಸಿನ ಕರಿಹಲಗೆಯ ಮೇಲೆ ವಾರಕ್ಕೊಂದು ಪ್ರಾಸ ಬರೆಯುವುದು ವಾರ್ಡನ್ ಆದಾಗಿನಿಂದ ನನಗಂಟಿದ ಚಟ. ಶನಿವಾರದ್ದು ಹೀಗಿತ್ತು:

ಏಳಕ್ಕೆ ಎದ್ದವರಿಗೆ ಬಿಸಿ ಉಪ್ಪಿಟ್ಟು,
ಎಂಟಕ್ಕೆ ಎದ್ದವರಿಗೆ ವಾರ್ಡನ್ ಸಿಟ್ಟು.

ಹುಡುಗಿಯರು ನಕ್ಕರು. ಅವರಿಗಿಂತ ಮೊದಲು ನಾನು ನಕ್ಕಿದ್ದೆ.

ಅಂದಿನಿಂದ ಕುರುಗೋಡಿನ ಸತ್ಯಮ್ಮ ಊಟಕ್ಕೆ ಬಂದಿಲ್ಲ. ಊರಿಗೆ ಹೋಗಿದ್ದಾಳೆಂದು ಹಾಜರಿಯಲ್ಲಿ ಬರೆದವಳೂ ನಾನೇ. ಇವತ್ತು ಅವಳ ರೂಮಿನ ಶಿವಬಸಮ್ಮ ಬಂದು, "ಎಲ್ಲಿ ಊರ್ರೀ ಮೇಡಂ? ಗ್ವಾಡಿ ಕಡಿ ಮುಖ ಮಾಡಿ ಮಕ್ಕಂಡಾಳ. ನಾ ಒಯ್ದ ರೊಟ್ಟಿ ಒಣಗಾಕತ್ತಾವ" ಎಂದಳು.

ಹೋಗಿ ಮಂಚದ ಮೇಲೆ ಕೂತೆ.

"ಆ ಪದ್ಯ ನನ್ನ ಮ್ಯಾಲೇ ಬರ್ದೀರಲ್ರೀ?" ಎಂದಳು ಸತ್ಯಮ್ಮ. "ಏಳಬೇಕು ಅಂತೀನ್ರೀ, ಏಳಾಕ ಆಗವಲ್ದು. ಎರಡು ತಿಂಗ್ಳಾತು. ಓದಿದ್ದು ತಲಿಗೆ ಹತ್ತವಲ್ದು. ಟಿ.ಸಿ. ಕೊಡಸ್ರಿ, ಮನಿಗೆ ಹೋಗ್ತೀನಿ."

ನಾನು ಸೋಮಾರಿತನ ಎಂದುಕೊಂಡಿದ್ದು ಕಾಯಿಲೆ. ಮೊದಲು ದೊಡ್ಡಾಸ್ಪತ್ರೆಯ ಮನೋರೋಗದ ಡಾಕ್ಟರನ್ನು ನೋಡೋಣ, ಟಿ.ಸಿ. ಮಾತು ಆಮೇಲೆ ಎಂದೆ.

"ಹುಚ್ಚಿ ಅಂತಾರ್ರೀ."

"ಅನ್ನಲಿ ಬಿಡು. ನನಗ ಇಪ್ಪತ್ತು ವರ್ಷದಿಂದ ಅನ್ನಾಕತ್ತಾರ."

ಅವಳ ತುಟಿ ತುಸು ಅಲುಗಿತು. "ನೀವೂ ಒಳಗ ಬರ್ತೀರೇನ್ರೀ?"

ಬರುತ್ತೇನೆಂದೆ. ನಾಳೆ ಒಂಬತ್ತಕ್ಕೆ. ಒಬ್ಬಳನ್ನೇ ಕಳಿಸಿದರೆ ಅವಳು ನೇರ ಕುರುಗೋಡಿನ ಬಸ್ಸು ಹತ್ತುತ್ತಾಳೆ. ಒಳಗೆ ಅವಳು ಮಾತಾಡುವಾಗ ನಾನು ನಡುವೆ ಬಾಯಿ ಹಾಕದೆ ಕೂರಬೇಕು. ನಲವತ್ತೈದು ವರ್ಷದಲ್ಲಿ ಒಮ್ಮೆಯೂ ಮಾಡದ ಕೆಲಸ. ಸುಮ್ಮನಿರುವುದನ್ನು ಈಗಿನಿಂದಲೇ ಕಲಿಯಬೇಕು; ಇಲ್ಲಿಗೆ ಪೆನ್ನು ಮುಚ್ಚುತ್ತೇನೆ.