ಪಾರ್ಕಿಂಗ್ ಡ್ಯೂಟಿಗೆ ನನ್ನ ಒಪ್ಪಿಗೆ

ಚಂದ್ರಮೋಹನ ಅವರೇ,

ಅಮೆರಿಕಕ್ಕೆ ಬಂದು ಕ್ಲಿಯರ್ ಲೇಕಿನ ನಮ್ಮ ಕನ್ನಡ ಬಳಗಕ್ಕೆ ನಾನು ಸೇರಿದಾಗ, ಅಧ್ಯಕ್ಷರಾದ ನೀವು ಮನೆದೇವರು ಯಾವುದೆಂದು ಕೇಳಿದಿರಿ. ಹೇಳಿದೆ. ನನ್ನ ಜಾತಿ ನಿಮಗೆ ತಿಳಿಯಿತು. ಮರುವಾರವೇ, "ಹಬ್ಬದೂಟದ ದಿನ ನೀವು ಪಾರ್ಕಿಂಗ್ ನೋಡ್ಕೊಂಡ್ರೆ ಹೇಗೆ ರಾಚಯ್ಯ?" ಎಂದಿರಿ. ಬರೀ 'ಯೆಸ್' ಅಂದರೆ ಇಲ್ಲಿಯವರಿಗೆ ಒಲ್ಲದ ಮನಸ್ಸಿನಂತೆ ಕೇಳಿಸುತ್ತದೆಂದು ಆಫೀಸಿನಲ್ಲಿ ಕಲಿತಿದ್ದೆ. ನಗುತ್ತಾ "ಸೌಂಡ್ಸ್ ಗುಡ್" ಎಂದೆ. ಹನ್ನೊಂದು ವರ್ಷ ಬಿಸಿಲಲ್ಲಿ ನಿಂತು ನಿಮ್ಮ ಕಾರುಗಳಿಗೆ ಕೈ ಬೀಸಿದೆ. ನಮ್ಮ ಸಭಾಂಗಣದ ಅಡುಗೆಮನೆ ಹೇಗಿದೆಯೆಂದು ಇಂದಿಗೂ ಗೊತ್ತಿಲ್ಲ.

ಕಳೆದ ಭಾನುವಾರ ಬಳಗದ ಊಟದಲ್ಲಿ ನನ್ನ ಮಗಳು ಪ್ರಗತಿ ಕೋಸಂಬರಿ ಬಡಿಸಲು ಸೌಟು ಹಿಡಿದಳು. ನಿಮ್ಮ ಹೆಂಡತಿ ರಮಾ ಅವರು ಅದನ್ನು ತೆಗೆದುಕೊಂಡು, "ನೀನು ಹೊರಗೆ ಕುರ್ಚಿ ಜೋಡಿಸ್ತೀಯಾ ಪುಟ್ಟಾ?" ಎಂದರು. "ಶ್ಯೂರ್ ಆಂಟಿ, ಐಡ್ ಲವ್ ಟು," ಎಂದಳು. ಅದೇ ನಗು. ಕಲಿಸಿದವನು ನಾನೇ. ನಿಮ್ಮ ಮೇಲಿನ ಸಿಟ್ಟಿಗಿಂತ ಅದು ಹೆಚ್ಚು ಸುಡುತ್ತಿದೆ.

ದೀಪಾವಳಿ ಊಟಕ್ಕೆ ಅವಳನ್ನು ಬಡಿಸಲು ಹಾಕಿ. ಸಭೆಯಲ್ಲೇ ಎದ್ದು ಹೇಳಬಹುದಿತ್ತು. ಆದರೆ ನೀವು "ಆಮೇಲೆ ಮಾತಾಡೋಣ್ವಾ?" ಅಂದರೆ ನಾನು ಅದಕ್ಕೂ ಒಪ್ಪಿಬಿಡುತ್ತೇನೆ, ಹಾಗಾಗಿ ಬರೆದೆ. ನೀವು ಬದಲಾಗುತ್ತೀರೆಂಬ ನಂಬಿಕೆ ನನಗಿಲ್ಲ.

ಇನ್ನೊಂದು ಕೆಲಸ. ಆಂಟಿ ಸೌಟು ಯಾಕೆ ತಗೊಂಡ್ರು ಎಂದು ಮನೆಗೆ ಬರುವಾಗ ಕಾರಿನಲ್ಲಿ ಪ್ರಗತಿ ಕೇಳಿದಳು. ನಾನು ರೇಡಿಯೊ ಹಾಕಿದೆ. ಒಂದು ದಿನ ನಮ್ಮ ಮನೆಗೆ ಬಂದು, ಅವಳೆದುರು ಕೂತು, ನೀವೇ ಉತ್ತರ ಹೇಳಿ.

ಇಂತಿ,
ರಾಚಯ್ಯ