ಗಾಡಿ ಕಾಯುವವನಿಗೆ

ಹೊಳೆನರಸೀಪುರ
ಭಾನುವಾರ, ಸಂಜೆ

ಲೇ ಮನು,

ಪ್ರೀತಿಯ, ಸನ್ಮಿತ್ರ ಎಂದೆಲ್ಲ ಶುರುಮಾಡಿದರೆ ನೀನು ಹೊಟ್ಟೆ ಹಿಡಿದುಕೊಂಡು ನಗುತ್ತೀಯ ಎಂದು ಗೊತ್ತು, ಅದಕ್ಕೇ ಹೀಗೆ. ಸತ್ತೆ ಎಂಬ ಒಂದೇ ಕಾರಣಕ್ಕೆ ನಿನಗೆ ಬಹುವಚನ ಕೊಡಲು ನನ್ನಿಂದಾಗದು.

'ಹೊಳೆದಾರಿ'ಗೆ ಹೊಸ ಆವೃತ್ತಿ ಬರುತ್ತಿದೆ ಕಣೋ. ನಿಯಮ ನೀನು, ಕಥೆ ನಾನು ಎಂದು ಹಂಚಿಕೊಂಡು ಬರೆದ ನಮ್ಮ ಆಟದ ಪುಸ್ತಕ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಬಿದ್ದಂತೆ ಎತ್ತಿನಗಾಡಿ ಕಟ್ಟಿಕೊಂಡು ಕಥೆಯ ಹೊಳೆಗಳನ್ನು ದಾಟುತ್ತಾ ಹೋಗುವ ಆಟ. ಹೊಸದು ಫೋನಿನಲ್ಲಿ ಮಾತ್ರ. ಕಾಗದವಿಲ್ಲ, ಹೊಲಿಗೆಯಿಲ್ಲ, ಮೊದಲ ಪ್ರತಿ ಕೈಗೆ ಬಂದಾಗ ನೀನು ಬಸ್‌ಸ್ಟ್ಯಾಂಡಿನಲ್ಲೇ ನಿಂತು ನಾಚಿಕೆಯಿಲ್ಲದೆ ಮೂಸಿದ್ದೆಯಲ್ಲ, ಆ ಅಂಟಿನ ವಾಸನೆಯೂ ಇಲ್ಲ. ನಮ್ಮ ಪ್ರಕಾಶಕ ದಿಲೀಪ ಹಾಸನಕ್ಕೆ ಕರೆಸಿಕೊಂಡು, ಕಾಫಿ ಕೊಟ್ಟು ಹೇಳಿದ: "ಅಚ್ಚಾಕಿ ಅಚ್ಚಾಕಿ ಗೆದ್ದಲಿಗೆ ಊಟ ಹಾಕಿದ್ದು ಸಾಕು ಮೇಡಂ. ಫೋನಲ್ಲಾದ್ರೆ ಬೆಳಿಗ್ಗೆ ತಪ್ಪು ಕಂಡ್ರೆ ಸಂಜೆಗೆ ತಿದ್ಬೋದು." ಕೆಟ್ಟವನಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೂ ಇಲ್ಲ. ಆಮೇಲೆ ಲೋಟ ಕೆಳಗಿಟ್ಟು, ಗಾಡಿಯ ನಿಯಮ ತೆಗೆದುಬಿಡೋಣ ಅಂದ. ಬಹಳ ದಿನ ಆಟಕ್ಕೆ ಬಾರದೇ ಇದ್ದವರ ಪಾತ್ರವನ್ನು ಹೊಸ ಆವೃತ್ತಿ ತಾನಾಗಿಯೇ ಅಳಿಸಿಹಾಕುತ್ತದಂತೆ. ಜೊತೆಗೆ ಬರೆದವಳೆಂದು ನನ್ನ ಒಪ್ಪಿಗೆ ಬೇಕು, ಅಷ್ಟೆ.

ನಾನು ಕಾಫಿ ಅಲ್ಲೇ ಬಿಟ್ಟು ಎದ್ದು ಬಂದೆ.

ಆ ನಿಯಮ ಹುಟ್ಟಿದ್ದು ರವೀಶನ ದೆಸೆಯಿಂದ. ಅವನ ತೆಂಗಿನಕಾಯಿ ಗೋಡೌನಿನ ಮೇಲಿನ ರೂಮೇ ನಮ್ಮ ಆಟದ ಮನೆಯಾದರೂ, ಲೋಡ್ ಬಂದ ಭಾನುವಾರ ಅವನು ಮಾತ್ರ ಮೇಲೆ ಬರುತ್ತಿರಲಿಲ್ಲ. ಅವನಿಲ್ಲದಾಗ ಅವನ ಪಾತ್ರವನ್ನು ಕಥೆಯಲ್ಲಿ ಏನು ಮಾಡುವುದೆಂದು ನಾನು ತಲೆ ಕೆಡಿಸಿಕೊಂಡಿದ್ದರೆ ನೀನು ಕಡಲೆಕಾಯಿ ಸುಲಿಯುತ್ತಾ, "ಬರ್ದೇ ಇರೋನು ಗಾಡಿ ಕಾಯ್ಲಿ ಬಿಡ್ರಪ್ಪ" ಅಂದೆ. ಸರಿಯೇ ಅಲ್ಲವೇ! ಮದುವೆಗೆ ಹೋದರೂ ಒಬ್ಬನನ್ನು ಬ್ಯಾಗುಗಳ ಹತ್ತಿರ ಕೂರಿಸಿ ಪಂಕ್ತಿಗೆ ಓಡುವ ಜನ ನಾವು. ಅದನ್ನೇ ನೀನು ಪುಸ್ತಕಕ್ಕೆ ಗಂಭೀರವಾಗಿ ಬರೆದೆ: ಬಾರದವನು ಗಾಡಿ ಕಾಯುತ್ತಾನೆ. ಗಾಡಿಯ ಹತ್ತಿರ ದಾಳ ಉರುಳಿಸುವಂತಿಲ್ಲ, ಅಲ್ಲಿರುವವನಿಗೆ ಯಾವ ಕೇಡೂ ತಟ್ಟುವುದಿಲ್ಲ. ಜೊತೆಯವರು ಮರಳುವವರೆಗೆ ಅವನು ಅಲ್ಲೇ ಇರುತ್ತಾನೆ.

ಆ ಭಾನುವಾರ ನೀನು ಅರಕಲಗೂಡಿನಿಂದ ಬೈಕು ಹೊರಡಿಸುವ ಮುಂಚೆ ಫೋನು ಮಾಡಿದ್ದೆ. "ಲೇ ದೀಪು, ಲೇಟಾಯ್ತದೆ, ಶುರು ಮಾಡ್ಕಳಿ. ನಮ್ ದ್ಯಾವಯ್ಯನ್ನ ಗಾಡಿ ತಾವ ಕೂರ್ಸಿರಿ, ಬಂದ್ಬುಟ್ಟೆ." ದ್ಯಾವಯ್ಯ, ನಿನ್ನ ಪಾತ್ರ. ಹೊಟ್ಟೆಬಾಕ, ಮಾತುಗಾರ, ಥೇಟ್ ನೀನೇ. ಹೊಳೆದಂಡೆಯ ಹುಣಸೆಮರದ ಕೆಳಗೆ ಅವನನ್ನು ಕೂರಿಸಿ ನಾವು ಆಟ ಮುಂದುವರಿಸಿದೆವು. ನಗುತ್ತಲೂ ಇದ್ದೆವು ಮನು. ನೀನು ರಸ್ತೆಯಲ್ಲಿ ಬಿದ್ದಿದ್ದ ಹೊತ್ತಿನಲ್ಲಿ ನಾವು ನಗುತ್ತಿದ್ದೆವು. ರವೀಶನ ಫೋನು ಬಡಿದುಕೊಂಡಾಗಲೂ ನೀನೇ ಇರಬೇಕು, ಬೋಂಡಾ ತರಲೇ ಎಂದು ಕೇಳಲು ಮಾಡಿರಬೇಕು ಅಂದುಕೊಂಡೆ.

ಅಲ್ಲಿಂದ ಮೂರು ವರ್ಷ. ಆಟ ನಿಲ್ಲಿಸಲಿಲ್ಲ. ಪ್ರತಿ ಸಲ ಶುರುವಿನಲ್ಲಿ ರವೀಶ ಮೇಜಿನ ಮೂಲೆಯಲ್ಲಿ ನಿನ್ನ ಕೆಂಪು ದಾಳ ಇಟ್ಟು "ದ್ಯಾವಯ್ಯ ಗಾಡಿ ತಾವ ಅವ್ನೆ" ಎನ್ನುತ್ತಿದ್ದ, ನಾನು ಹೂಂ ಎನ್ನುತ್ತಿದ್ದೆ. ಯಾವ ಕೇಡೂ ತಟ್ಟದ ಒಂದು ಜಾಗ ಈ ಲೋಕದಲ್ಲಿ ಎಲ್ಲೋ ಇದೆ, ನೀನು ಅಲ್ಲಿದ್ದೀಯ ಎಂದು ನಂಬಿಕೊಂಡು ಸೋಮವಾರದ ಕೆಲಸಕ್ಕೆ ಹೋಗುತ್ತಿದ್ದೆ. ನನಗೆ ನಿನ್ನ ಮೇಲೆ ಪ್ರೀತಿಯಿತ್ತು ಕಣೋ. ಸುತ್ತಿ ಬಳಸಿ ಹೇಳುವುದೇನಿದೆ ಇನ್ನು. ಕಾಗದದಲ್ಲಿ ಅಚ್ಚಾದ ನಿನ್ನನ್ನು ಯಾರೂ ಸಂಜೆಗೆ ಬಂದು ತಿದ್ದಲಾರರು ಎಂಬ ಧೈರ್ಯವೊಂದಿತ್ತು. ಅದಕ್ಕೇ ದಿಲೀಪನ ಮೇಲೆ ಅಷ್ಟು ಸಿಟ್ಟು ಬಂತು.

ಸಿಟ್ಟಿನಲ್ಲೇ ಬಸ್ಸು ಹತ್ತಿ ಅರಕಲಗೂಡಿಗೆ, ನಿಮ್ಮಮ್ಮನ ಹೊಲಿಗೆ ಅಂಗಡಿಗೆ ಹೋದೆ. ಶಾಂತಕುಮಾರಮ್ಮ ನನ್ನ ಪಕ್ಷ ವಹಿಸುತ್ತಾರೆ, ಮಗನ ಮಾತು ಅಳಿಸಕೂಡದು ಎನ್ನುತ್ತಾರೆ ಅಂತ ನಂಬಿದ್ದೆ. ಅಂಗಡಿಯ ದೇವರ ಪಟದ ಪಕ್ಕ ನಮ್ಮ ಪುಸ್ತಕವಿದೆ ಮನು. ಆಯುಧಪೂಜೆಯಲ್ಲಿ ಮಿಷನ್ನಿಗೆ ಕುಂಕುಮ ಇಟ್ಟಾಗಲೆಲ್ಲ ಅದಕ್ಕೂ ಇಡುತ್ತಾರೆ, ರಟ್ಟಿನ ಮೇಲಿನ ನಿನ್ನ ಹೆಸರು ಅರ್ಧ ಮುಚ್ಚಿಹೋಗಿದೆ. ದಿಲೀಪ ಕಳಿಸಿದ್ದ ಹೊಸದರ ಮಾದರಿಯನ್ನು ಫೋನಿನಲ್ಲಿ ತೋರಿಸಿದೆ. ಕನ್ನಡಕ ಏರಿಸಿ, ತಿರುಗಿಸಿ ಮುರುಗಿಸಿ ನೋಡಿ, "ಇದ್ಕೆಲ್ಲಿ ಕುಂಕ್ಮ ಇಡಾನವ್ವ?" ಎಂದರು.

ನೋಡಿದೆಯಾ ದಿಲೀಪ, ಎಂದು ಮನಸ್ಸಿನಲ್ಲೇ ಕುಣಿದೆ. ಅದೇ ಹುರುಪಿನಲ್ಲಿ ಗಾಡಿಯ ನಿಯಮವನ್ನೂ ವಿವರಿಸಿದೆ. ನಿಮ್ಮ ಮಗನನ್ನು ನಾವು ಬಿಟ್ಟುಕೊಟ್ಟಿಲ್ಲಮ್ಮ, ಇವತ್ತಿಗೂ ಅಲ್ಲೇ ಹುಣಸೆಮರದ ಕೆಳಗೆ ಕ್ಷೇಮವಾಗಿದ್ದಾನೆ ಎಂದೆ. ಅವರು ಮಿಷನ್ನು ನಿಲ್ಲಿಸಿದರು.

"ಮೂರು ವರ್ಸದಿಂದ ಒಬ್ನೇ ಕೂತವ್ನಾ?"

ನಾನು ತಲೆಯಾಡಿಸಿದೆ.

"ಯಾರೂ ಊಟ ತಕ್ಕೊಂಡೋಗಿ ಕೊಡ್ನಿಲ್ವಾ? ನನ್ ಮಗ ಅಸಿವು ತಡಿಯೋನಲ್ಲ ಕಣವ್ವ."

ಮದುವೆಮನೆಯಲ್ಲಿ ಬ್ಯಾಗು ಕಾಯುವವನಿಗೂ ಮೊದಲ ಪಂಕ್ತಿ ಎದ್ದಮೇಲೆ ಯಾರಾದರೂ ಹೋಗಿ, ನಾನು ಕೂರುತ್ತೇನೆ, ನೀನು ಉಂಡು ಬಾ ಎನ್ನುತ್ತಾರೆ. ಅದನ್ನು ನೀನೂ ಬರೆಯಲಿಲ್ಲ, ನಾವೂ ಕೇಳಲಿಲ್ಲ. ನಮ್ಮ ಸಮಾಧಾನಕ್ಕೆ ನಿನ್ನನ್ನು ಕೂರಿಸಿ, ಕಾಯಿಸಿ, ಮರೆತು ಮುಂದೆ ಮುಂದೆ ನಡೆದಿದ್ದೆವು. ನಿಮ್ಮಮ್ಮ ಬೈಯಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ಮತ್ತೆ ಮಿಷನ್ನು ತುಳಿದರು. ಆ ಸದ್ದು ಬಸ್ಸಿನುದ್ದಕ್ಕೂ ನನ್ನ ಕಿವಿಯಲ್ಲೇ ಇತ್ತು.

ಇವತ್ತು ಮಧ್ಯಾಹ್ನ ಹಳೆಯ ಪುಸ್ತಕವನ್ನೇ ಬಿಚ್ಚಿಕೊಂಡು ಕಡೆಯ ಸಲ ಆಡಿದೆವು. ದಾಟಿದ್ದ ಹೊಳೆಯನ್ನೆಲ್ಲ ಹಿಂದಕ್ಕೆ ದಾಟಿಸಿ ಎಲ್ಲರನ್ನೂ ಗಾಡಿಯ ಹತ್ತಿರ ಕರೆತಂದೆ. ಯಾರೂ ದಾಳ ಮುಟ್ಟಲಿಲ್ಲ. ರವೀಶ ಖಾಲಿ ಅಂಗೈ ಮುಂದೆ ಚಾಚಿ, "ದ್ಯಾವಯ್ಯ, ತಡ ಆಯ್ತು ಕಣಪ್ಪ. ಮುದ್ದೆ ತಂದಿವ್ನಿ, ಹುರ್ಳಿ ಸಾರು. ಉಣ್ಣು" ಎಂದ. ಎಲ್ಲರೂ ನನ್ನ ಮುಖ ನೋಡಿದರು. ಕಥೆ ಹೇಳುವವಳು ನಾನು, ದ್ಯಾವಯ್ಯ ಏನಂದ ಎಂದು ನಾನೇ ಹೇಳಬೇಕು. ನಿನ್ನ ದನಿಯಲ್ಲಿ ಮಾತಾಡಲು ನನಗೆ ಬಾಯಿ ಬರಲಿಲ್ಲ ಮನು. ಉಂಡ, ಎಂದೆ. ಕೈ ತೊಳೆದ. ಎತ್ತು ಹೂಡಿದ. ಹೋದ.

ಕೆಂಪು ದಾಳವನ್ನು ರವೀಶ ಜೇಬಿಗೆ ಹಾಕಿಕೊಂಡ. ನಾಳೆ ದಿಲೀಪನಿಗೆ ಒಪ್ಪಿಗೆ ಹೇಳುತ್ತೇನೆ. ಹೊಸದರಲ್ಲಿ ನಿನ್ನ ನಿಯಮ ಇರುವುದಿಲ್ಲ.

ಇನ್ನು ಯಾರಿಗೂ ಕಾಯಬೇಡ ಕಣೋ. ಹಸಿವಾದರೆ ದಾರಿಯಲ್ಲಿ ಕಂಡ ಮನೆ ಹೊಕ್ಕು ಕೇಳಿ ಉಣ್ಣು, ನಿನಗೆ ಇಲ್ಲವೆನ್ನುವವರು ಯಾರಿದ್ದಾರೆ. ನಿನ್ನ ದಾರಿ ತಣ್ಣಗಿರಲಿ.

ಇಷ್ಟು ತಡವಾಗಿ ಊಟ ತಂದ
ನಿನ್ನ ದೀಪು