ಒಲೆಯಿಲ್ಲದವಳ ದೂರಪಾಳಿ

ಬೀದರ್
ಫೆಬ್ರವರಿ ೩೧, ೨೪೧೯

ನಾಲ್ಕು ನೂರು ವರ್ಷ ಹಿಂದಿನ ಹಿರಿಯರಿಗೆ ಜಗದೇವಿಯ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೂ ನಾವು ಮೂವತ್ತೊಂದು ದಿನ ಕೊಟ್ಟುಬಿಟ್ಟಿದ್ದೇವೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಎನಿಸಿದರೆ ಕ್ಷಮಿಸಿ. ಖುಷಿಯಲ್ಲಿ ಅವಸರದಿಂದ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಅದನ್ನೂ ಕ್ಷಮಿಸಿ.

ನಮ್ಮ ಓಣಿಯಲ್ಲಿ ದೂರಪಾಳಿ ಎಂಬುದೊಂದಿದೆ. ವರ್ಷಕ್ಕೆ ಒಂದು ಮನೆಯಿಂದ ಒಬ್ಬರು ಒಂಬತ್ತು ದಿನ ಯಾವ ಕೆಲಸವನ್ನೂ ಮುಟ್ಟದೆ, ಕೋಟೆಯ ಮೇಲಿನ ತಂಪು ಕೋಣೆಯಲ್ಲಿ ಕುಳಿತು, ಇನ್ನೂರು ವರ್ಷದಾಚೆಯವರಿಗಾಗಿ ಚಿಂತಿಸಬೇಕು. ಕೊನೆಯ ದಿನ ಅವರು ಹೇಳಿದ ಒಂದು ಚಿಂತೆಯನ್ನು ಇಡೀ ಓಣಿ ವರ್ಷವೆಲ್ಲ ದುಡಿದು ಬಗೆಹರಿಸಬೇಕು. ವಿದ್ಯುತ್ತು ಆಸ್ಪತ್ರೆಗಷ್ಟೇ ಸಾಲುವುದರಿಂದ ನೀರನ್ನು ನೆಲದಡಿಯ ಹಳೆಯ ನೀರಿನ ಸುರಂಗದಿಂದ ಹೊತ್ತೇ ತರಬೇಕು; ಹಾಗಿರುವಾಗ ಒಂಬತ್ತು ದಿನ ಸುಮ್ಮನೆ ಕೂರುವುದೆಂದರೆ ಅದೆಂಥ ಐಶ್ವರ್ಯ! ನಮ್ಮ ಮನೆಗೆ ಪಾಳಿ ಬಂದದ್ದು ಅರವತ್ತು ವರ್ಷದ ಮೇಲೆ. ಸಮುದ್ರ ಬೀದರಿನವರೆಗೆ ಬಂದರೆ ಏನು ಮಾಡುವುದು ಎಂದು ಆರು ದಿನ ಮಜವಾಗಿ ಚಿಂತಿಸಿದೆ.

ಆರನೆಯ ದಿನ, ನಮ್ಮ ಓಣಿಗೆ ನೀರು ಹೊರುವ ನಾಗಿಂದ್ರಮ್ಮ ಕೋಣೆಗೆ ಕೊಡ ತಂದಿಟ್ಟಾಗ, ಅವಳ ಪಾಳಿ ಯಾವಾಗ ಎಂದು ಕೇಳಿದೆ. ಅವಳು ನಕ್ಕುಬಿಟ್ಟಳು. ಪಾಳಿ ಬರುವುದು ಒಲೆ ಇರುವ ಮನೆಗೆ ಮಾತ್ರ; ನೀರು ಹೊರುವವರು ನೀರು ಹಾಕಿದ ಮನೆಯಲ್ಲೇ ಉಣ್ಣುತ್ತಾರೆ, ಅವರಿಗೆ ಒಲೆಯೇ ಇಲ್ಲ. ಇಷ್ಟು ವರ್ಷ ಇದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ಉಳಿದ ಮೂರು ದಿನವನ್ನು, ಕೊನೆಯ ಮಾತು ಹೇಳುವ ಹಕ್ಕೂ ಸೇರಿ, ಅವಳಿಗೆ ಬಿಟ್ಟುಕೊಟ್ಟು ಕೊಡ ಎತ್ತಿಕೊಂಡೆ. ನನ್ನ ಜೀವಮಾನದಲ್ಲಿ ಇನ್ನೊಂದು ಪಾಳಿ ಬರುವುದಿಲ್ಲ.

ಮೊದಲ ದಿನವೆಲ್ಲ ಅವಳು ನಿದ್ದೆ ಮಾಡಿದಳು. ಮರುದಿನ ಕಿಟಕಿಯಿಂದ ಊರು ನೋಡಿದಳು. ಇವತ್ತು ಓಣಿಯೆಲ್ಲ ಸೇರಿದಾಗ ಎದ್ದು ನಿಂತು, “ಇನ್ನೂರು ವರ್ಷ ಆದಮ್ಯಾಲನೂ ಇಲ್ಲಿ ಕುಂತು ಚಿಂತಿ ಮಾಡೋರಿಗಿ ನಮ್ ಮಂದಿನೇ ನೀರು ತರಬೇಕೇನ್ರಿ?” ಎಂದಳು. ಆಮೇಲೆ ಶುರುವಾಯಿತು ನೋಡಿ ಗದ್ದಲ, ಇನ್ನೂ ನಿಂತಿಲ್ಲ! ಈ ವರ್ಷ ನಾವು ಬಗೆಹರಿಸಬೇಕಾದದ್ದು ಇದನ್ನೇ. ಸಮುದ್ರ ಕಾಯಲಿ.

ಹಿರಿಯರೇ, ನಮಗಾಗಿ ನೀವು ಸಭೆ ಸೇರಿ ಚಿಂತಿಸಿದ ಕಾಗದಗಳು ಇಲ್ಲಿವೆ. ಆ ಉಪಕಾರ ಮರೆತಿಲ್ಲ. ನೀವು ಸುರಂಗ ಉಳಿಸಿದ್ದಕ್ಕೇ ನಾವು ನೀರು ಕುಡಿಯುತ್ತಿದ್ದೇವೆ. ಆದರೆ ಸಭೆಗೆ ಚಹಾ ತಂದವರ ಹೆಸರು ಒಂದರಲ್ಲೂ ಸಿಗಲಿಲ್ಲ. ಮುಂದಿನ ಸಲ ಅವರನ್ನು ಕೂರಿಸಿ, ಚಹಾ ನೀವು ತನ್ನಿ.

ಇಲ್ಲಿಗೆ ಸಾಕು ಮಾಡುತ್ತೇನೆ. ನಾಗಿಂದ್ರಮ್ಮನ ಪಾಳಿ ಸಂಜೆಯವರೆಗಿದೆ. ಅವಳಿಗೆ ಬಾಯಾರಿದೆಯಂತೆ, ನಾನಿನ್ನೂ ಎರಡನೆಯ ಕೊಡ ತಂದಿಲ್ಲ.